ಹರಿದ ಟೇಪಿನ ಸ್ವಂತ ಸಂಗೀತ

‘ಸಂಪೂರ್ಣ ಸ್ವಂತ ಸಂಗೀತ’ ಎಂದು ಯಾರಾದರೂ ಪೋಸ್ಟರ್ ಅಂಟಿಸಿದರೆ ನನಗೆ ಮೊದಲು ಅನುಮಾನ ಹುಟ್ಟುತ್ತದೆ. ಹಾಲಿನವನು ‘ಇದು ಹಾಲೇ’ ಎಂದು ಬೋರ್ಡು ಹಾಕಿಕೊಂಡು ತಿರುಗುತ್ತಾನೆಯೇ? ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಮೈಸೂರಿನ ನಾಲ್ವರು ಹುಡುಗರ ರಾಕ್ ಬ್ಯಾಂಡೊಂದು ಟಿ. ನರಸೀಪುರದ ಗೋಡೆಗಳ ಮೇಲೆಲ್ಲ ಹೀಗೆ ಅಂಟಿಸಿತ್ತು. ಅವರ ಉದ್ದ ಕೂದಲು ನೋಡಿಯೇ ಅಲ್ಲಿನ ಅರ್ಧ ಕಾಲೇಜು ಅವರನ್ನು ಮೇಧಾವಿಗಳೆಂದು ಒಪ್ಪಿಬಿಟ್ಟಿತ್ತು. ಇನ್ನರ್ಧಕ್ಕೆ ಕೂದಲೂ ಬೇಕಾಗಿರಲಿಲ್ಲ, ಪೋಸ್ಟರೇ ಸಾಕಾಗಿತ್ತು.

ನನ್ನ ಪಾಡಿಗೆ ನಾನು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಕವಲಂದೆಯ ಚಿಕ್ಕಪ್ಪನ ಮಗ ಗಿಟಾರ್ ನುಡಿಸುತ್ತಿದ್ದ, ಬ್ಯಾಂಡಿನವರು ಅವನನ್ನು ಕರೆದಿದ್ದರು. ಸೇರಿದರೆ ಊರೂರು ತಿರುಗಬೇಕು, ಬಿ.ಕಾಂ. ಕೊನೆಯ ಪರೀಕ್ಷೆ ಬಿಡಬೇಕು. ಚಿಕ್ಕಪ್ಪ ತೀರ್ಪನ್ನು ನನ್ನ ತಲೆಗೆ ಕಟ್ಟಿದರು.

“ನೀನು ಡಿಬೇಟ್ನಲ್ಲಿ ಎಲ್ಲಾರ ಬಾಯ್ ಮುಚ್ಸೋನು. ಇವನ್ ಜತೆ ಓಗಿ ಕೇಳ್ಬುಟ್ಟು ಬಾ ಕಣ್ಲಾ. ಅವ್ರತ್ರ ಸರಕೈತೆ ಅಂದ್ರೆ ಓಗ್ಲಿ. ಇಲ್ಲಾಂದ್ರೆ ಬಾಯ್ ಮುಚ್ಕೊಂಡ್ ಪರೀಕ್ಷೆ ಬರೀಲಿ.”

ನಮ್ಮೂರು ನಂಜನಗೂಡಿನಲ್ಲಿ ಆರ್ಕೆಸ್ಟ್ರಾದವರಿಗೆ ಸಿಗುತ್ತಿದ್ದ ದೊಡ್ಡ ಹೊಗಳಿಕೆ ಒಂದೇ: “ಥೇಟ್ ಕ್ಯಾಸೆಟ್ ಇದ್ದಂಗೈತೆ!” ಅವರ ಮೇಲೆ ನನಗೆ ತಕರಾರಿಲ್ಲ; ನಕಲು ಮಾಡಿ ನಕಲೆಂದೇ ಹೇಳುವ ಮರ್ಯಾದಸ್ಥರು. ಆಗ ಊರಿನಲ್ಲಿ ಬೇಕಾದ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವ ಅಂಗಡಿಯೊಂದಿತ್ತು. ಅಲ್ಲಿದ್ದ ಒಂದು ಇಂಗ್ಲಿಷ್ ಹಾಡಿನ ಟೇಪು ನಡುವೆ ಹರಿದಿತ್ತು. ಅಂಗಡಿಯವನು ಗಮ್ ಟೇಪ್ ಹಚ್ಚಿ ಜೋಡಿಸಿದ್ದ. ಹಾಗಾಗಿ ಗಿಟಾರ್ ಏರುತ್ತ ಏರುತ್ತ ಹೋಗಿ, ನಡುವಿನ ತುಂಡು ಮಾಯವಾಗಿ, ಧಡಕ್ಕನೆ ಬೇರೆಲ್ಲೋ ಬೀಳುತ್ತಿತ್ತು. ಅಂಗಡಿಯಿಂದ ಮೈಸೂರಿನವರೆಗೂ ಹೋದ ಪ್ರತಿಯೊಂದು ನಕಲಿನಲ್ಲೂ ಆ ಧಡಕ್ಕು ಇತ್ತು. ನಾನೂ ಚಿಕ್ಕಪ್ಪನ ಮಗ ಈ ತಮ್ಮನೂ ಅದನ್ನು ಕೇಳಿಯೇ ಬೆಳೆದವರು.

ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿ ನರಸೀಪುರ ಸೇರಿದೆವು. ಸಭಾಂಗಣದೊಳಗೂ ಕಪ್ಪು ಕನ್ನಡಕ ತೆಗೆಯದ ನಾಯಕ ಮೈಕು ಹಿಡಿದು, ತಾವು ಯಾರನ್ನೂ ಕೇಳಿ ಕಲಿತವರಲ್ಲ ಎಂದ. ಮೊದಲ ಹಾಡಿನ ಶ್ರುತಿ ಕೇಳಿದಾಗ ಅದು ನಿಜವೆಂದೇ ಅನ್ನಿಸಿತು. ಆಮೇಲೆ ಅವರ ಹೆಮ್ಮೆಯ ಹಾಡು ಬಂತು. ಗಿಟಾರ್ ಏರಿತು, ಏರಿತು, ಧಡಕ್ಕನೆ ಬಿತ್ತು. ಜನ ಶಿಳ್ಳೆ ಹೊಡೆದರು. ನಾನು ತಮ್ಮನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ.

ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದೆ ಹೋಗಿ ನಾಯಕನನ್ನು ಕೇಳಿದೆ: “ಆ ನಡುವಿನ ಜಿಗಿತ ಎಲ್ಲಿಂದ ಬಂತು?”

“ಅದೇ ನಮ್ ಸಿಗ್ನೇಚರ್, ಬಾಸ್. ಒಳಗಿಂದ ತಾನಾಗೇ ಬಂತು.”

“ಯಾವುದರ ಒಳಗಿಂದ? ನಂಜನಗೂಡಿನ ಅಂಗಡಿ ಒಳಗಿಂದಲಾ?”

“ಏನ್ರೀ ನಿಮ್ ಪ್ರಾಬ್ಲಮ್ಮು?”

“ಅಣ್ಣ, ನೀನ್ ಸುಮ್ಕಿರು,” ಎಂದ ತಮ್ಮ, ಗಿಟಾರ್ ಎತ್ತಿಕೊಂಡ. “ಒಂದ್ಸಲ ಜತೇಲಿ ನುಡ್ಸನ, ಬನ್ನಿ ಸಾ.”

ಮತ್ತೆ ವೇದಿಕೆ ಹತ್ತಿ ಅದೇ ಹಾಡು ನುಡಿಸಿದರು. ಆ ಜಾಗ ಬಂದಾಗ ತಮ್ಮ ಜಿಗಿಯಲಿಲ್ಲ. ಹರಿದುಹೋದ ತುಂಡಿನ ಜಾಗವನ್ನು ತನ್ನದೇ ಸ್ವರಗಳಿಂದ ತುಂಬುತ್ತ, ಮೆಟ್ಟಿಲು ಮೆಟ್ಟಿಲಾಗಿ ಇಳಿದ. ಉಳಿದವರು ಅಭ್ಯಾಸಬಲದಿಂದ ಜಿಗಿದು, ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ನಿಂತರು. ಡ್ರಮ್ಮಿನವನ ಕೋಲು ಗಾಳಿಯಲ್ಲೇ ಉಳಿಯಿತು.

“ಏಯ್, ಅಲ್ಲಿರೋದೇ ಅಷ್ಟು ಕಣೋ!” ನಾಯಕ ಕೂಗಿದ.

“ಟೇಪು ಅರ್ದೋಗಿತ್ತು ಸಾ, ಅದ್ಕೆ ಅಷ್ಟೇ ಐತೆ.” ತಮ್ಮ ಗಿಟಾರನ್ನು ಮೆಲ್ಲಗೆ ಕೆಳಗಿಟ್ಟ.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಆ ಇಳಿಜಾರಿನ ಸ್ವರಗಳನ್ನೇ ಗುನುಗುತ್ತಿದ್ದ. “ಅದು ನಿಜವಾದ ಹಾಡಿನಲ್ಲಿ ಇರೋದೇನೋ?” ಎಂದು ಕೇಳಿದೆ.

“ಯಾರ್ಗ್ ಗೊತ್ತು? ನಾನೂ ಅದೇ ಕ್ಯಾಸೆಟ್ ತಾನೆ ಕೇಳಿರದು.”

ಇಡೀ ದಿನ ನಾನು ಕೇಳಿದ ಸ್ವಂತ ಸಂಗೀತ ಅದಿಷ್ಟೇ. ಅದಕ್ಕೆ ಪೋಸ್ಟರ್ ಇರಲಿಲ್ಲ. ನಂಜನಗೂಡು ಹತ್ತಿರವಾದಾಗ ಅವನು ಗುನುಗುವುದನ್ನು ನಿಲ್ಲಿಸಿದ.

“ಅಣ್ಣ, ಅಕೌಂಟೆನ್ಸಿ ನೋಟ್ಸು ಯಾರತ್ರನಾದ್ರೂ ಸಿಕ್ತದಾ?”