ಅಜ್ಜ ಕುರಿ ಕರೆಯದ ಬೆಳಿಗ್ಗೆ

‘ಟ್ರ್ರ್ರ್... ಹೋ... ಹೋ!’

ಚಿತ್ರದುರ್ಗದ ಆಸ್ಪತ್ರೆಯ ಗಂಡಸರ ವಾರ್ಡನ್ನು ನೆನೆಸಿಕೊಂಡರೆ ನನಗೆ ಮೊದಲು ಕೇಳಿಸುವುದು ಈ ಕೂಗು. ಕಿಟಕಿ ಪಕ್ಕದ ಮಂಚದಲ್ಲಿದ್ದ ಯಲ್ಲದಕೆರೆಯ ಕುರಿ ಕಾಯುವ ಅಜ್ಜನದು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ನಡುಗಿಸಿ, ಕೊನೆಯಲ್ಲಿ ಉದ್ದಕ್ಕೆ ಎಳೆಯುತ್ತಿದ್ದ. ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದು ಅಡ್ಮಿಟ್ ಆಗಿದ್ದ. ಮರೆವಿನ ಕಾಯಿಲೆ ಅದಕ್ಕೂ ಬಹಳ ಹಿಂದಿನದು. ಕೇಸ್ ಶೀಟಿನಲ್ಲಿ ಅದು ಡಿಮೆನ್ಷಿಯಾ, ಹೆಂಡತಿಯ ಬಾಯಲ್ಲಿ ಅರಳುಮರಳು.

ವಾರ್ಡಿನಲ್ಲಿದ್ದವರೆಲ್ಲ ಅವನ ಕಣ್ಣಿಗೆ ಕುರಿಗಳು. ರೌಂಡ್ಸಿಗೆ ಬಂದ ಡಾಕ್ಟರನ್ನೂ ಮಂದೆಗೆ ಸೇರಿಸಿಕೊಳ್ಳುತ್ತಿದ್ದ. ಪಕ್ಕದ ಮಂಚದಲ್ಲಿ ಹೊಳಲ್ಕೆರೆಯ ಅಡಿಕೆ ವ್ಯಾಪಾರಿಯೊಬ್ಬರಿದ್ದರು. ‘ಏನಜ್ಜ, ನನ್ನೂ ಹೊಡ್ಕಂಡು ಹೋಗ್ತೀಯೇನು? ಮೊದ್ಲು ಮೇವು ಎಲ್ಲೈತೆ ತೋರ್ಸು’ ಎಂದು ರೇಗಿಸುತ್ತಿದ್ದರು. ನೆಲದ ಮೇಲೆ ಕೂತು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದ ಅಜ್ಜನ ಹೆಂಡತಿ ತಲೆ ಎತ್ತದೆಯೇ, ‘ಸುಮ್ಕಿರಣ್ಣ, ನಿನ್ ತುಪ್ಪಳ ಕತ್ತರ್ಸೋ ಹೊತ್ತಾಗೈತೆ’ ಎನ್ನುತ್ತಿದ್ದಳು. ವಾರ್ಡೆಲ್ಲ ನಗು.

ನಾನಾಗ ಅಲ್ಲಿ ಸೀನಿಯರ್ ನರ್ಸ್, ರಿಟೈರ್‌ಮೆಂಟಿಗೆ ಹತ್ತಿರ.

ಒಂದು ಬೆಳಿಗ್ಗೆ ಡ್ಯೂಟಿಗೆ ಬಂದರೆ ಕೂಗು ಇಲ್ಲ. ಹೊಸದಾಗಿ ಸೇರಿದ್ದ ನರ್ಸ್ ಹುಡುಗಿ ಖುಷಿಯಲ್ಲಿದ್ದಳು. ‘ಸಿಸ್ಟರ್, ಅಜ್ಜ ಇವತ್ತು ಸೋ ಗುಡ್! ಒಂದ್ ಸದ್ದಿಲ್ಲ.’ ಜ್ವರ ಇಳಿದಿತ್ತು, ಎದೆಯೂ ಹಗುರಾಗಿತ್ತು. ಮಾರನೆಯ ದಿನ ಮನೆಗೆ ಹೋಗಬಹುದೆಂದು ಡಾಕ್ಟರು ಹೇಳಿದರು. ಹಿರಿಯೂರಿನವರೆಗೆ ಬಸ್ಸು, ಅಲ್ಲಿಂದ ಆಟೋ ಎಂದು ನೋಡಲು ಬಂದಿದ್ದ ಅವರ ಊರಿನವರು ಲೆಕ್ಕ ಹಾಕಿದ್ದರು.

ಅಜ್ಜಿಯ ಕದಿರು ಮಾತ್ರ ನಿಂತಿತ್ತು. ‘ಅಕ್ಕಾರೆ, ಇವ ಹಿಂಗೆ ಸುಮ್ಕಿರೋನಲ್ಲ. ಮುದ್ದೆ ಬಾಯಾಗೆ ಇಟ್ಕಂಡು ಹಂಗೇ ಅವ್ನೆ, ನುಂಗಾಕಿಲ್ಲ.’

‘ನೋವೈತಾ ಅಂತ ಕೇಳಿದ್ಯಾ ಅಜ್ಜಿ?’

‘ಕೇಳಿದ್ರೆ ಇಲ್ಲ ಅಂತಾನೆ. ಹೆಂಡ್ತಿ ಐದಾಳಾ ಅಂದ್ರೂ ಇಲ್ಲ ಅಂತಾನೆ! ಕುರಿಗೆ ನೋವಾದ್ರೆ ಅರಚ್ತೈತೇನು? ಮೆಲುಕು ಬಿಟ್ಟು, ಮಂದೆಯಿಂದ ಸರ್ಕಂಡು ನಿಂತ್ಕಂತೈತೆ.’

ಆ ಮೌನ ನನಗೂ ಹಿಡಿಸಿರಲಿಲ್ಲ. ನೋವನ್ನು ಅಳೆಯಲು ನಮ್ಮಲ್ಲಿ ನಗುವ, ಅಳುವ ಮುಖಗಳ ಚಾರ್ಟ್ ಇತ್ತು. ಅಜ್ಜನಿಗೆ ತೋರಿಸಿದರೆ ಆ ಮುಖಗಳನ್ನೂ ಎಣಿಸಿ ದೊಡ್ಡಿಗೆ ಕೂಡುತ್ತಿದ್ದನೇನೋ. ನೋವನ್ನು ಮಾತಿನಲ್ಲಿ ಹೇಳಲಾಗದವರಿಗೆಂದು ನಮ್ಮ ವಾರ್ಡಿನಲ್ಲಿ ಬೇರೆಯೇ ರೂಢಿ ಇತ್ತು: ಶೀಟ್ ಬದಲಿಸುವಾಗ ಇಬ್ಬರು ಹೊರಳಿಸುವುದು, ಒಬ್ಬರು ಮುಖವನ್ನು ಮಾತ್ರ ನೋಡುವುದು. ಕೆಲಸ ಮಾಡುವವರ ಕಣ್ಣು ತಮ್ಮ ಕೈ ಮೇಲೇ ಇರುತ್ತದಲ್ಲ. ಕಾನ್ವೆಂಟಿನಲ್ಲಿ ನಮಗೆ ‘ಡೋಂಟ್ ಸ್ಟೇರ್, ಇಟ್ ಈಸ್ ರೂಡ್’ ಎಂದು ಕಲಿಸಿದ್ದರು. ನರ್ಸಿಂಗಿಗೆ ಬಂದ ಮೇಲೆ ದಿಟ್ಟಿಸುವುದೇ ನನ್ನ ಕಸುಬಾಯಿತು.

ಹುಡುಗಿ ಮತ್ತು ವಾರ್ಡಿನ ಆಯಾ ಸೇರಿ ಅಜ್ಜನನ್ನು ಎಡಮಗ್ಗುಲಿಗೆ ಮೆಲ್ಲಗೆ ಹೊರಳಿಸಿದರು. ಹುಬ್ಬು ಸ್ವಲ್ಪ ಗಂಟಿಕ್ಕಿತು, ಅಷ್ಟೆ. ಬಲಕ್ಕೆ ಹೊರಳಿಸುತ್ತಿದ್ದಂತೆ ಹಲ್ಲಿಲ್ಲದ ಬಾಯೊಳಕ್ಕೆ ತುಟಿಗಳು ಹೋದವು. ಉಸಿರು ಬಿಗಿಹಿಡಿದ. ಒಂದು ಕೈ ಮಂಚದ ಸರಳನ್ನು ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿಯಿತು, ಇನ್ನೊಂದು ಹುಡುಗಿಯನ್ನು ದೂಡಿತು. ಸದ್ದು ಮಾತ್ರ ಒಂದಿಷ್ಟೂ ಇಲ್ಲ.

‘ಸ್ಟಾಪ್’ ಎಂದೆ. ‘ಹಾಗೇ ಅಂಗಾತ ಮಲಗಿಸಿ.’

ಹೊದಿಕೆ ಸರಿಸಿ ನೋಡಿದರೆ ಬಲಪಾದ ಹೊರಕ್ಕೆ ವಾಲಿತ್ತು. ಕಾಲು ಕೊಂಚ ಗಿಡ್ಡವಾದಂತೆ ಕಂಡಿತು. ಡಾಕ್ಟರು ತಡಮಾಡದೆ ಬಂದರು. ಎಕ್ಸ್-ರೇಯಲ್ಲಿ ತೊಡೆಯ ಮೂಳೆ ಮೇಲ್ಗಡೆ ಮುರಿದಿತ್ತು.

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ‘ನೆನ್ನೆ ಸಂಜೆ ಕುರಿ ಬಿಡ್ತೀನಿ ಅಂತ ಎದ್ದು ಜಾರಿ ಕುಂತ್ಕಂಡ. ಎಬ್ಬಿಸಿ ಮಲಗಿಸ್ದೆ. ಅಯ್ಯೋ ಅನ್ಲಿಲ್ಲ, ಅಮ್ಮಾ ಅನ್ಲಿಲ್ಲ ಅಕ್ಕಾರೆ. ಏನೂ ಆಗಿಲ್ಲ ಅಂದ್ಕಂಡೆ.’

‘ನಾನಿದ್ದಿದ್ರೂ ಹಾಗೇ ಅಂದ್ಕೋತಿದ್ದೆ ಅಜ್ಜಿ’ ಎಂದೆ. ಅವಳನ್ನು ಸಮಾಧಾನ ಮಾಡಲು ಮಾತ್ರ ಹೇಳಿದ್ದಲ್ಲ.

ಬಸ್ಸಿನ ಯೋಚನೆ ಅಲ್ಲಿಗೇ ನಿಂತಿತು. ನೋವೆಂದು ಹೇಳಿದರೆ ಇಂಜೆಕ್ಷನ್ ಕೊಡಿ ಎಂಬ ಆರ್ಡರ್ ಇಂಥವರಿಗೆ ಯೂಸ್‌ಲೆಸ್. ಕೇಳಲು ಬಾರದವನು ಹೇಗೆ ಕೇಳಿಯಾನು? ಹೊತ್ತಿಗೆ ಸರಿಯಾಗಿ ಕೊಡುವಂತೆ ಡಾಕ್ಟರಿಂದ ಬರೆಸಿಕೊಂಡೆ. ಆಪರೇಷನ್ ಆಯಿತು. ಆಮೇಲೂ ಅಜ್ಜ ಮೌನವಾಗಿಯೇ ಇದ್ದ. ಮದ್ದು ಸಾಲದೋ ಹೇಗೆ ಎಂದು ಪ್ರತಿಸಲ ಮಗ್ಗುಲು ಬದಲಿಸುವಾಗಲೂ ನಾವು ಮುಖ ನೋಡುತ್ತಿದ್ದೆವು. ದಿನ ಕಳೆದಂತೆ ಹುಬ್ಬು ಸಡಿಲವಾಯಿತು. ಮುದ್ದೆ ಗಂಟಲಲ್ಲಿ ಇಳಿಯತೊಡಗಿತು.

ಒಂದು ಬೆಳಿಗ್ಗೆ ನಾನು ಔಷಧಿಯ ಟ್ರೇ ಜೋಡಿಸುತ್ತಿದ್ದಾಗ ಕೇಳಿಸಿತು, ಕ್ಷೀಣವಾಗಿ: ‘ಟ್ರ್ರ್ರ್...’

ವ್ಯಾಪಾರಿ ಎದ್ದೇ ಕೂತರು. ‘ಬಂದ ನೋಡ್ರಿ ನಮ್ಮಜ್ಜ! ಎಲ್ಲಾ ಏಳ್ರಪ್ಪ, ಮಂದೆ ಹೊಲ್ಟೈತೆ!’ ಹುಡುಗಿ ನಗುನಗುತ್ತಲೇ ಕಣ್ಣೊರೆಸಿಕೊಂಡಳು. ಅಜ್ಜಿ ಮತ್ತೆ ಕದಿರು ಕೈಗೆತ್ತಿಕೊಂಡಳು.

ಈಗ ನನಗೇ ಒಮ್ಮೊಮ್ಮೆ ಪದಗಳು ಕೈಕೊಡುತ್ತವೆ. ಸೌಟನ್ನು ಹಿಡಿದು ಅದರ ಹೆಸರಿಗಾಗಿ ನಿಂತಿರುತ್ತೇನೆ. ಮುಂದೊಂದು ದಿನ ಎಲ್ಲ ಪದಗಳೂ ಹೋದರೆ, ಮಗ್ಗುಲು ಬದಲಿಸುವಾಗ ಯಾರಾದರೂ ನನ್ನ ಮುಖ ನೋಡಲಿ. ದಟ್ಸ್ ಆಲ್.

ಅಜ್ಜನನ್ನು ನಾನು ಕೊನೆಯ ಬಾರಿ ನೋಡಿದ್ದು ಆಸ್ಪತ್ರೆಯ ಗೇಟಿನ ಒಳಗೆ. ಊರಿನವರು ವ್ಯಾನ್ ತಂದಿದ್ದರು. ಹಿಂದಿನ ಸೀಟಿನಲ್ಲಿ ಕಿಟಕಿಗೆ ಒರಗಿಸಿ, ಚಾಚಿದ ಕಾಲಿನ ಕೆಳಗೆ ಮಡಿಸಿದ ಕಂಬಳಿ ತುರುಕಿದೆ. ಸೊಂಟ ಕೊಂಚ ಅಲುಗಿತು. ಅಭ್ಯಾಸ ನೋಡಿ, ಕಣ್ಣು ಮುಖಕ್ಕೇ ಹೋಯಿತು. ಹಣೆ ನುಣುಪಾಗಿತ್ತು. ಅಜ್ಜ ನನ್ನ ಬಿಳಿ ಯೂನಿಫಾರ್ಮನ್ನು ಮೇಲಿಂದ ಕೆಳಗೆ ನೋಡಿ, ‘ಟ್ರ್ರ್ರ್... ಹೋ’ ಎಂದ.

‘ನಿಮ್ಮನ್ನೂ ಕರೀತವ್ನೆ ಅಕ್ಕಾರೆ’ ಎಂದಳು ಅಜ್ಜಿ. ‘ಬರ್ರಿ, ಹೋಗಾಣ.’

‘ಡ್ಯೂಟಿ ಐತೆ ಅಜ್ಜಿ’ ಎಂದೆ.

ವ್ಯಾನು ಗೇಟು ದಾಟಿ ರಸ್ತೆಗೆ ಇಳಿಯಿತು. ಕಿಟಕಿಯಿಂದ ಅಜ್ಜನ ಕೈ ಹೊರಗೆ ಬಂದು, ಅಡ್ಡ ನಿಂತಿದ್ದ ಆಟೋಗಳನ್ನೆಲ್ಲ ಒಂದು ಕಡೆಗೆ ಅಟ್ಟುತ್ತಿತ್ತು.