ಅವರೆಬೀಜದ ಮಡಕೆ

ನಾನು ಚಿಕ್ಕವಳಿದ್ದಾಗ ಕುನ್ನತ್ತೂರಿನ ನಮ್ಮ ಮನೆಯ ಅಟ್ಟದಲ್ಲಿ ಒಂದು ಬೀಜದ ಮಡಕೆ ಇತ್ತು. ಅದರೊಳಗೆ ಕಪ್ಪು ಮೂತಿಯ ಅವರೆ. ಅಜ್ಜಿ ಮದುವೆಯಾಗಿ ಬಂದಾಗ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ತಳಿ. ಊರಲ್ಲಿ ಬೇರೆ ಯಾರಲ್ಲೂ ಇರಲಿಲ್ಲ. ಅಮ್ಮ ಪ್ರತಿವರ್ಷ ಬೀಜಕ್ಕೆ ಬೂದಿ ಬೆರೆಸಿ, ಮಡಕೆಯ ಬಾಯಿಗೆ ಸಗಣಿ ಮೆತ್ತಿ ಮುಚ್ಚುತ್ತಿದ್ದಳು. ಆಡಿ ತಿಂಗಳಲ್ಲಿ, ಎಂದರೆ ಆಷಾಢದ ಹೊತ್ತಿಗೆ, ಬಿತ್ತುವವರೆಗೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಶಾಲೆ ತೆರೆದ ಹೊಸತು. ಒಂದು ಸಂಜೆ ಅಕ್ಕ ಇಂಗ್ಲಿಷ್ ಪಾಠ ಬರೆಯುತ್ತಿದ್ದಳು. 'ಡಿಕೇ' ಎಂಬ ಪದಕ್ಕೆ ಅರ್ಥ ಬರೆದು, ಮನೆಯಲ್ಲಿ ಕಣ್ಣಾರೆ ಕಂಡದ್ದರ ಮೇಲೆ ಒಂದು ವಾಕ್ಯ ಮಾಡಬೇಕಿತ್ತು.

"ಹಣ್ಣು ಕೊಳೆಯುತ್ತೆ, ಹಲ್ಲು ಹುಳುಕಾಗುತ್ತೆ, ಮರ ಲಡ್ಡು ಹಿಡಿಯುತ್ತೆ. ಇಂಗ್ಲಿಷಿನವರಿಗೆ ಎಲ್ಲಕ್ಕೂ ಇದೊಂದೇ ಪದ ಸಾಕಂತೆ," ಎಂದಳು.

"ನಮ್ಮನೇಲಿ ಏನು ಕೊಳೆತಿದೆ?"

"ನಿನ್ನ ತಲೆ. ಅದನ್ನೇ ಬರೀಲಾ?"

ನನಗೆ ರೋಷ ಬಂತು. ಅಷ್ಟು ತಿಂಗಳು ಮುಚ್ಚಿಟ್ಟದ್ದು ಕೊಳೆತೇ ಇರಬೇಕೆಂದು ಅಟ್ಟ ಹತ್ತಿ, ಒಣಗಿದ ಸಗಣಿಯನ್ನು ಒಡೆದೆ. ಬೂದಿಯ ವಾಸನೆ ಬಂತು. ಕೈಹಾಕಿದರೆ ಬೀಜ ತಣ್ಣಗೆ, ಗಟ್ಟಿಯಾಗಿ ಬೆರಳುಗಳ ನಡುವೆ ಜಾರಿದವು. ಒಂದೂ ಕೆಟ್ಟಿರಲಿಲ್ಲ. ಬೇಸರದಿಂದ ಮಡಕೆಯ ಮೇಲೆ ತೆಂಗಿನ ಚಿಪ್ಪೊಂದನ್ನು ಇಟ್ಟು ಇಳಿದೆ. ಯಾರಿಗೂ ಹೇಳಲಿಲ್ಲ.

ಆಮೇಲೆ ವಾರವಿಡೀ ಮಳೆ ಜಿನುಗಿತು. ಒಡೆದ ಹೆಂಚಿನಿಂದ ನೀರು ಆ ಮಡಕೆಯ ಮೇಲೇ ತೊಟ್ಟಿಕ್ಕಿತ್ತೆಂದು ಗೊತ್ತಾದದ್ದು ಆಡಿಯಲ್ಲಿ, ಅಪ್ಪ ಅದನ್ನು ಕೆಳಗಿಳಿಸಿದಾಗ. ಚಿಪ್ಪು ತೆಗೆಯುವ ಮೊದಲೇ ನಾತ ಬಂತು. ಬೀಜಗಳು ಕಪ್ಪಗೆ ಲೋಳೆಯಾಗಿ ಒಂದಕ್ಕೊಂದು ಅಂಟಿದ್ದವು; ಮೇಲೆ ಬಿಳಿ ಬೂಷ್ಟು.

"ಯಾರು ತೆಗೆದದ್ದು?" ಎಂದರು ಅಪ್ಪ.

"ನಾನು."

ಯಾರೂ ಹೊಡೆಯಲಿಲ್ಲ. ಅಜ್ಜಿ ಎಲ್ಲವನ್ನೂ ಮೊರಕ್ಕೆ ಸುರಿದು, ಮಧ್ಯಾಹ್ನವೆಲ್ಲ ಆರಿಸಿ, ಗಟ್ಟಿ ಎನಿಸಿದ ಹನ್ನೊಂದು ಬೀಜಗಳನ್ನು ಬಾವಿಯ ಪಕ್ಕ ಊರಿದರು. "ಅಳಬೇಡ ನನ್ನ ಕಣ್ಣೇ, ಮಣ್ಣು ನೋಡಿಕೊಳ್ಳುತ್ತೆ," ಎಂದರು. ದಿನವೂ ಬೆಳಿಗ್ಗೆ ಇಬ್ಬರೂ ಹೋಗಿ ನೋಡುತ್ತಿದ್ದೆವು. ಹತ್ತು ದಿನಗಳಾದ ಮೇಲೆ ಅಜ್ಜಿ ಬರುವುದನ್ನು ನಿಲ್ಲಿಸಿದರು. ನಾನೊಬ್ಬಳೇ ಇನ್ನೂ ಕೆಲವು ದಿನ ಹೋದೆ; ಒಂದೂ ಮೊಳೆಯಲಿಲ್ಲ.

ಮಕ್ಕಳೇ, ನಿಮ್ಮ ಬಾಲ್ಕನಿಯ ಕುಂಡಕ್ಕೆ ಬೀಜ ಅಂಗಡಿಯ ಪೊಟ್ಟಣದಲ್ಲಿ ಬರುತ್ತದೆ. ಮೊಳೆಯದಿದ್ದರೆ ಇನ್ನೊಂದು ಪೊಟ್ಟಣ ತರುತ್ತೇವೆ. ಮೊಳಕೆ ಕಂಡರೆ ನೀವು ಕೂಗಿ ಕರೆಯುತ್ತೀರಿ, ನಾನೂ ಬಂದು ನೋಡುತ್ತೇನೆ. ಆ ಅವರೆಯ ರುಚಿ ಹೇಗಿತ್ತು ಎಂದು ಮೊನ್ನೆ ಕೇಳಿದಿರಿ. ಸ್ವಲ್ಪ ಸಿಹಿ ಎಂದೆ. ಅದಕ್ಕಿಂತ ಹೆಚ್ಚಿಗೆ ಈಗ ನನಗೂ ನೆನಪಿಲ್ಲ.