ಗೆಟ್ ಕಲಿಸಿದ ವರ್ಷ

ಇಂಗ್ಲಿಷಿನವರಷ್ಟು ಸೋಮಾರಿಗಳನ್ನು ನಾನು ಕಂಡಿಲ್ಲ. ಹಾಸಿಗೆಯಿಂದ ಏಳುವುದಕ್ಕೂ ಗೆಟ್, ಬಸ್ಸು ಹತ್ತುವುದಕ್ಕೂ ಗೆಟ್, ಅದೇ ಬಸ್ಸಿನಿಂದ ಇಳಿಯುವುದಕ್ಕೂ ಗೆಟ್. ಸಿಟ್ಟು ಬಂದರೆ ಗೆಟ್, ಮದುವೆಯಾದರೆ ಗೆಟ್, ಮಳೆಯಲ್ಲಿ ನೆನೆದರೆ ಗೆಟ್, ಹೇಳಿದ್ದು ತಲೆಗೆ ಹೋದರೂ ಗೆಟ್. ಒಂದೇ ಆಳನ್ನು ಇಟ್ಟುಕೊಂಡು ಹೊಲ, ಮನೆ, ದನದ ಕೊಟ್ಟಿಗೆ ಎಲ್ಲವನ್ನೂ ಮಾಡಿಸುವ ಸಾಹುಕಾರರ ಹಾಗೆ. ಈ ಕ್ರಿಯಾಪದವನ್ನು ನಾನು ವರ್ಷಗಟ್ಟಲೆ ಕಲಿಸಿದ್ದೇನೆ. ಈಗ ಅದನ್ನು ಬೋರ್ಡಿನ ಮೇಲೆ ಬರೆಯಲು ಹೋದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೊಪ್ಪಳದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತ, ಯಲಬುರ್ಗಾ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರ್. ಹತ್ತನೇ ತರಗತಿಗೆಂದು ಗೆಟ್ ಬಗ್ಗೆ ಒಂದು ದೊಡ್ಡ ಚಾರ್ಟು ಮಾಡಿದ್ದೆ. ಒಂದು ಕಡೆ ಇಂಗ್ಲಿಷು, ಒಂದು ಕಡೆ ಕನ್ನಡ. ‘ಗೆಟ್ ಅಪ್’ ಎಂದರೆ ಸಾಕು, ಕ್ಲಾಸಿಗೆ ಕ್ಲಾಸೇ ‘ಏಳು’ ಎಂದು ಕೂಗುತ್ತಿತ್ತು. ಅದನ್ನೇ ಬಿಡಿಸಿ ಬೇರೊಂದು ವಾಕ್ಯದಲ್ಲಿಟ್ಟು ಕೇಳಿದರೆ ಎಲ್ಲರ ಕಣ್ಣೂ ಡೆಸ್ಕಿನ ಮೇಲೆ.

ಆದರೂ ನಮ್ಮ ಶಾಲೆಗೆ ಯಾರೇ ತಪಾಸಣೆಗೆ ಬರಲಿ, ಎಲ್ಲ ಮಕ್ಕಳೂ ಕೈ ಎತ್ತುತ್ತಿದ್ದರು. ಅದೊಂದು ಏರ್ಪಾಡು. ಉತ್ತರ ಗೊತ್ತಿದ್ದವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ. ಬಂದವರಿಗೆ ಕಾಣುವುದು ಕೈಗಳ ಕಾಡು. ಟೀಚರ್ ಬಲಗೈಯವರನ್ನಷ್ಟೇ ಎಬ್ಬಿಸಿ ಕೇಳುತ್ತಾರೆ. ಜೂನ್‌ನಲ್ಲಿಯೇ ಮಕ್ಕಳಿಗೆ ಇದನ್ನು ಹೇಳಿಕೊಡುತ್ತಿದ್ದೆವು. ರೂಢಿ ತಪ್ಪಬಾರದೆಂದು ದಿನದ ಪಾಠದಲ್ಲೂ ನಡೆಸುತ್ತಿದ್ದೆವು. ಬರಬರುತ್ತ ನನಗೇ ಅದು ಹಿತವಾಗಿಬಿಟ್ಟಿತು. ಎಡಗೈಯವರನ್ನು ಕೇಳುವ ತಾಪತ್ರಯವಿಲ್ಲ, ಪೋರ್ಷನ್ನು ಓಡುತ್ತದೆ.

ಒಂದು ವರ್ಷ ಆಗಸ್ಟಿನಲ್ಲಿ ಒಬ್ಬ ಹುಡುಗಿ ಹತ್ತನೇ ತರಗತಿಗೆ ಬಂದು ಸೇರಿದಳು. ಗಂಗಾವತಿ ಕಡೆಯಿಂದ ಬಂದವಳು, ತಾಯಿಯ ತವರು ಇದೇ ಊರು ಎಂದು ಕ್ಲರ್ಕ್ ಹೇಳಿದರು. ನಾನು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಸಣಕಲು ಹುಡುಗಿ, ಹಿಂದಿನ ಬೆಂಚು, ಮಾತು ಕಡಿಮೆ. ಬರವಣಿಗೆಯಂತೂ ದೇವರಿಗೇ ಪ್ರೀತಿ; ಒಂದು ಸಾಲು ಬರೆಯುವಷ್ಟರಲ್ಲಿ ಉಳಿದವರು ಪುಟ ಮುಗಿಸುತ್ತಿದ್ದರು. ಪ್ರಶ್ನೆ ಕೇಳಿದಾಗಲೆಲ್ಲ ಎಡಗೈ ಎತ್ತುತ್ತಿದ್ದಳು. ಪಾಪ, ಏನೂ ಬರುವುದಿಲ್ಲ, ಆದರೂ ನಿಯಮ ತಪ್ಪುವುದಿಲ್ಲ ಎಂದು ನಾನು ಮೆಚ್ಚಿಕೊಂಡದ್ದೂ ಉಂಟು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆಕೆ ಅರ್ಧ ಪೇಪರನ್ನು ಖಾಲಿ ಬಿಟ್ಟಳು. ಆಗ ಪಾಸಿಂಗ್ ಪ್ಯಾಕೇಜಿನ ಪಟ್ಟಿ ಮಾಡುವ ಸಮಯ. ಫೇಲಾಗಬಹುದಾದ ಮಕ್ಕಳನ್ನು ಬೇರೆ ಖೋಲಿಯಲ್ಲಿ ಕೂಡಿಸಿ, ಖಾತ್ರಿಯಾಗಿ ಬರುವ ಕೆಲವೇ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿ ದಡ ಮುಟ್ಟಿಸುವುದೇ ಆ ಪ್ಯಾಕೇಜು. ಪಾಠ ಇಲ್ಲ, ಅರ್ಥ ಇಲ್ಲ, ಉತ್ತರ ಮಾತ್ರ. ಮಕ್ಕಳು ಅದನ್ನು ದಡ್ಡರ ಖೋಲಿ ಎನ್ನುತ್ತಿದ್ದರು. ಆ ಹುಡುಗಿಯ ಹೆಸರನ್ನು ಪಟ್ಟಿಗೆ ಸೇರಿಸಿದವಳು ನಾನೇ. ಪಟ್ಟಿ ಮೇಲಿನ ಆಫೀಸಿಗೆ ಹೋಯಿತು.

ಮುಂದಿನ ವಾರ ಜಿಲ್ಲೆಯಿಂದ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಅಂದು ಎಲ್ಲರನ್ನೂ ಒಂದೇ ಕ್ಲಾಸಿನಲ್ಲಿ ಕೂಡಿಸಿದ್ದೆವು. ಗೋಡೆಯ ಮೇಲೆ ಚಾರ್ಟು ನೋಡಿ ಸಾಹೇಬರು, ಇದರಲ್ಲಿ ಇಲ್ಲದ ಗೆಟ್ ಯಾರಿಗೆ ಗೊತ್ತು ಎಂದು ಕೇಳಿದರು. ಕೈಗಳ ಕಾಡು ಎದ್ದಿತು. ಬಲಗೈ ಒಂದೂ ಇರಲಿಲ್ಲ. ಸಾಹೇಬರು ತಾವೇ ಹಿಂದಿನ ಬೆಂಚಿಗೆ ಬೊಟ್ಟು ಮಾಡಿ ಆ ಹುಡುಗಿಯನ್ನು ಎಬ್ಬಿಸಿದರು. ಕೆಲಸ ಕೆಟ್ಟಿತು ಅಂದುಕೊಂಡೆ.

“ಗೆಟ್ ಮಿ ಅ ಟೀ ಅಂದ್ರ ಚಾ ತಂದುಕೊಡು ಅಂತ್ರಿ,” ಎಂದಳು ಹುಡುಗಿ. “ಐ ಡೋಂಟ್ ಗೆಟ್ ಇಟ್ ಅಂದ್ರ ನನಗ ತಿಳೀವಲ್ದು ಅಂತ್ರಿ. ಗೆಟ್ ಲಾಸ್ಟ್ ಅಂದ್ರ ಕಳದು ಹೋಗು ಅಂತ ಅಲ್ರಿ, ನಡಿ ಇಲ್ಲಿಂದ ಅಂತ ಬೈಗಳರಿ. ಲೆಟ್ಸ್ ಗೆಟ್ ಗೋಯಿಂಗ್ ಅಂದ್ರ ಹೊತ್ತಾತು, ಹೊಂಡೂಣು ನಡೀರಿ ಅಂತ್ರಿ.”

ಇಷ್ಟೆಲ್ಲ ಎಲ್ಲಿ ಕಲಿತೆ ಎಂದು ಸಾಹೇಬರು ಕೇಳಿದರು. ಸಾಣಾಪುರದಲ್ಲಿ ಎಂದಳು. ಕೆರೆ ಹತ್ತಿರದ ಗೆಸ್ಟ್‌ಹೌಸಿನಲ್ಲಿ ತಾಯಿ ಅಡುಗೆ ಮಾಡುತ್ತಿದ್ದಳಂತೆ. ಅಲ್ಲಿ ಇಳಿದುಕೊಳ್ಳುತ್ತಿದ್ದ ಹೊರದೇಶದವರ ಮಾತು ಕೇಳಿ ಕೇಳಿ ಬಂತು. ಗೆಸ್ಟ್‌ಹೌಸು ಮುಚ್ಚಿದ ಮೇಲೆ ತಾಯಿಯ ತವರಿಗೆ ಬಂದೆವು ಎಂದಳು. ಹೀಗೆ ಕಲಿತದ್ದನ್ನು ಬರೆಯುವುದಕ್ಕೂ ಬಂದರೆ ಕೊಪ್ಪಳದಲ್ಲಿ ಕಾಲೇಜು ಓದಿ ಇಂಗ್ಲಿಷ್ ಟೀಚರ್ ಆಗುತ್ತೇನೆ ಎಂದೂ ಹೇಳಿದಳು. ಸಾಹೇಬರು ನನ್ನ ಕಡೆ ತಿರುಗಿ, “ಭಾಳ ಛಲೋ ತಯಾರ ಮಾಡೀರಿ ಟೀಚರ್” ಎಂದರು. ನಾನು ಕೈ ಮುಗಿದೆ. ಆ ಹೊಗಳಿಕೆ ನನ್ನದಲ್ಲ ಎನ್ನಲು ಒಂದು ನಿಮಿಷ ಸಾಕಿತ್ತು. ಅನ್ನಲಿಲ್ಲ.

ಅವರು ಹೋದ ಮೇಲೆ ಹುಡುಗಿಯನ್ನು ವರಾಂಡಕ್ಕೆ ಕರೆದೆ.

“ಗೊತ್ತಿದ್ರ ಎಡಗೈ ಯಾಕ ಎತ್ತಿದಿ?”

“ನಾ ಎಡಚಿ ಅದೀನ್ರಿ ಟೀಚರ್.”

“ಬಲಗೈಲೇ ಬರೀತಿಯಲ್ಲ!”

“ಎಡಗೈಲೆ ಬರದ್ರ ಮೊದಲಿನ ಸಾಲ್ಯಾಗ ಹೊಡೀತಿದ್ರರಿ. ಅದಕ್ಕ ಬಲಗೈಲೇ ರೂಢಿ ಮಾಡೀನ್ರಿ. ಕೈ ಎತ್ತಾಕ ಮಾತ್ರ ಇದಾ ಮೊದಲ ಏಳತೈತ್ರಿ.” “ದಿನಾ ಎತ್ತತಿದ್ದೆನಲ್ರಿ” ಎಂದಳು.

ಜೂನ್‌ನಲ್ಲಿ ನಾವು ಹೇಳಿಕೊಟ್ಟ ನಿಯಮ ಆಗಸ್ಟಿನಲ್ಲಿ ಬಂದವಳಿಗೆ ಗೊತ್ತೇ ಇರಲಿಲ್ಲ. ಯಾರೂ ಹೇಳಿರಲಿಲ್ಲ. ಗೊತ್ತಿದ್ದ ಒಂದೊಂದು ಪ್ರಶ್ನೆಗೂ ಆಕೆ ಕೈ ಎತ್ತಿದ್ದಳು, ನಾನು ಒಂದೊಂದು ಸಲವೂ ಅವಳನ್ನು ದಾಟಿ ಹೋಗಿದ್ದೆ. ನನಗೆ ಅಲ್ಲೇ ನಾಚಿಕೆಯಾಯಿತು, ಆದರೆ ಅಲ್ಲಿಗೇ ಮುಗಿಯಿತು.

ಮುಗಿಯಿತು ಎಂದರೆ, ಪಟ್ಟಿಯಿಂದ ಹೆಸರು ತೆಗೆಸಲು ಹೆಡ್‌ಮಾಸ್ತರರ ಹತ್ತಿರ ಹೋದೆ. ಅವರೇನು ಕೆಟ್ಟವರಲ್ಲ. ಕುರ್ಚಿಯಿಂದ ಏಳದೇ, “ತಗಸೂಣಂತ. ಯಾಕ ತಗಸ್ತೀರಿ ಅಂತ ಮ್ಯಾಲಿನವ್ರು ಕಾರಣ ಬರದು ಕೊಡ್ರಿ ಅಂತಾರ. ಏನಂತ ಬರೀತೀರಿ? ಕೈ ಎತ್ತೋ ಕತಿ ಬರೀತೀರೇನು?” ಎಂದರು. ನಾನು ಹೊರಗೆ ಬಂದೆ. ಕಾರಣ ಬರೆದಿದ್ದರೆ ಇಬ್ಬರಿಗೂ ನೋಟೀಸು ಬರುತ್ತಿತ್ತು. ಬರಲಿ ಎನ್ನುವ ಎದೆ ನನಗಿರಲಿಲ್ಲ. ಹೆದರಿಕೆಯನ್ನು ನಾನು ಆ ದಿನಗಳಲ್ಲಿ ವ್ಯವಹಾರಜ್ಞಾನ ಎಂದು ಕರೆಯುತ್ತಿದ್ದೆ.

ಡಿಸೆಂಬರಿನಲ್ಲಿ ಹುಡುಗಿ ತಾನೇ ಬಂದಳು. ದಡ್ಡರ ಖೋಲಿಯಲ್ಲಿ ಗೆಟ್ ಎಂದರೆ ನಾಲ್ಕು ಬಿಟ್ಟ ಸ್ಥಳ. ಅಪ್, ಇನ್, ಡೌನ್, ಆಫ್ ಎಂದು ಅದೇ ಕ್ರಮದಲ್ಲಿ ನೂರು ಸಲ ಬರೆಯಬೇಕು. “ಟೀಚರ್, ನಾ ನಿಮ್ಮ ಕ್ಲಾಸಿನ್ಯಾಗ ಹಿಂದ ನೆಲದ ಮ್ಯಾಲ ಕುಂದರ್ಲೇನ್ರಿ? ಅಲ್ಲೆ ಪಾಠ ಹೇಳಂಗಿಲ್ರಿ. ಬರಿಯಾಕ ಕಲೀಬೇಕ್ರಿ ನಾನು,” ಎಂದಳು. ಯಾರ ಅಪ್ಪಣೆಯೂ ಬೇಕಿರಲಿಲ್ಲ, ಬಾ ಎಂದಿದ್ದರೆ ಆಗುತ್ತಿತ್ತು. ಬಂದರೆ ಅವಳನ್ನು ದಿನಾ ನೋಡಬೇಕಾಗುತ್ತಿತ್ತು. “ಮೊದಲು ಪಾಸಾಗವ್ವ, ಆಮ್ಯಾಲೆ ನೋಡೂಣು” ಎಂದೆ. ಆಕೆ “ಹೂಂ ರಿ” ಎಂದು ಹೋದಳು. ಮತ್ತೆ ಕೇಳಲಿಲ್ಲ. ಫೆಬ್ರವರಿ ಹೊತ್ತಿಗೆ ದಾರಿಯಲ್ಲಿ ಎದುರಾದಾಗ ನಾನು ಏನಾದರೂ ಕೇಳಿದರೂ ನೆಲ ನೋಡುತ್ತ “ಗೊತ್ತಿಲ್ರಿ” ಎನ್ನಲು ಶುರು ಮಾಡಿದ್ದಳು.

ರಿಸಲ್ಟು ಬಂತು. ಶಾಲೆಗೆ ಶಾಲೆಯೇ ಪಾಸು. ಹೆಡ್‌ಮಾಸ್ತರರಿಗೆ ಯಲಬುರ್ಗಾದಲ್ಲಿ ಶಾಲು ಹೊದಿಸಿದರು. ನನಗೂ ಒಂದು ಹಾರ ಬಿತ್ತು. ಮರುದಿನ ಆ ಹುಡುಗಿ ತಾಯಿಯ ಜತೆ ಟೀಸಿ ಒಯ್ಯಲು ಬಂದಳು. ಇಂಗ್ಲಿಷಿನಲ್ಲಿ ಅಂಚಿನಲ್ಲಿ ಪಾಸಾಗಿದ್ದಳು. ತಾಯಿ ನನ್ನ ಕೈಗೆ ಪೇಡೆಯ ಪೊಟ್ಟಣ ಇಟ್ಟು, “ನಿಮ್ಮಿಂದ ಪಾಸಾದ್ಲರಿ ಟೀಚರ್. ಇಂಥಾ ದಡ್ಡಿನ್ನ ದಡ ಮುಟ್ಟಿಸಿದ್ರಿ” ಎಂದಳು. ಕೊಪ್ಪಳದ ಕಾಲೇಜಿಗೆ ಅರ್ಜಿ ಹಾಕಿದಿರಾ ಎಂದು ಕೇಳಿದೆ.

“ನಾ ಕಳಸ್ತೀನಿ ಅಂದ್ರೂ ಈಕಿನಾ ಒಲ್ಲೆ ಅಂತಾಳ್ರಿ,” ಎಂದಳು ತಾಯಿ.

ಹುಡುಗಿ ನೆಲ ನೋಡುತ್ತಲೇ ಹೇಳಿದಳು: “ನನಗ ಇಂಗ್ಲಿಷ್ ತಲಿಗೆ ಹತ್ತಂಗಿಲ್ಲಲ್ರಿ ಟೀಚರ್.”

ಅಷ್ಟು ತಿಂಗಳು ನುಂಗಿಕೊಂಡಿದ್ದು ಅಲ್ಲಿ, ಆಫೀಸಿನ ಬಾಗಿಲಲ್ಲಿ, ಕ್ಲರ್ಕ್ ಎದುರಿಗೇ ಹೊರಬಿತ್ತು. “ನಿನಗ ನನಕಿಂತ ಛಲೋ ಬರತೈತಿ. ನಿನ್ನ ಆ ಖೋಲಿಗೆ ಹಾಕಿದ್ದು ನಾನು. ತಪ್ಪು ನಂದು,” ಎಂದೆ.

ಹುಡುಗಿ ಸಂಕೋಚದಿಂದ ನಕ್ಕಳು. ದೊಡ್ಡವರು ಸಮಾಧಾನ ಹೇಳುವಾಗ ಮಕ್ಕಳು ನಗುವ ಹಾಗೆ. ತಾಯಿ ಮಗಳ ಬೆನ್ನಿನ ಮೇಲೆ ಕೈಯಿಟ್ಟು, “ನೋಡವಾ, ಎಷ್ಟು ದೊಡ್ಡ ಮನಸ್ಸು ಟೀಚರ್‌ದು. ನಿನ್ನ ಸಲುವಾಗಿ ತಪ್ಪು ತಮ್ಮ ಮ್ಯಾಲ ಹಾಕ್ಕೊಂಡ್ರು. ಕಾಲಿಗೆ ಬೀಳು” ಎಂದಳು.

ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು.